ವತನ ಹೋತು, ಎಮ್ಮೆಲ್ಲೆಕಿ ಬಂತು

ನಮ್ಮ ಹಳೆಯ ವಿಜಾಪುರ ಜಿಲ್ಲೆಯ ಹಿರಿಯರಿಗೆ ವತನ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೌಡನ ಮಗ ಗೌಡ, ಕುಲಕರ್ಣಿಯ ಮಗ ಕುಲಕರ್ಣಿ, ತಳವಾರನ ಮಗ ತಳವಾರ, ಹೊಲೆಯನ ಮಗ ಹೊಲೆಯ. ಈ ಸೀಮೆ ಮುಂಬೈ ಇಲಾಖೆಗೆ ಸೇರಿದ್ದ ಕಾಲದಲ್ಲಿ, 1874ರಲ್ಲಿ, ಬ್ರಿಟಿಷರು ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಮಾಡಿ ಇದಕ್ಕೆ ಸರಕಾರಿ ಮೊಹರನ್ನೂ ಒತ್ತಿದರು. ಗೌಡನಿಗೆ ವಂಶದಿಂದ ಬಂದದ್ದು ಅಪ್ಪಣೆ ಮಾಡುವ ಹಕ್ಕು. ನಮಗೆ ವಂಶದಿಂದ ಬಂದದ್ದು ಆ ಅಪ್ಪಣೆಯನ್ನು ಹೊತ್ತು ಓಡುವ ಹಕ್ಕು! ಸತ್ತ ದನ ಎಳೆಯುವುದು, ಡಂಗುರ ಸಾರುವುದು, ಸಾಹೇಬರ ಗಂಟು ಹೊತ್ತು ಮುಂದಿನ ಊರಿಗೆ ಮುಟ್ಟಿಸುವುದು, ನಡುರಾತ್ರಿ ಕರೆದರೂ ಎದ್ದು ಹೋಗುವುದು. ತಮಾಷೆ ಏನಂದ್ರ, ಇದಕ್ಕೂ ವತನ ಅಂತಲೇ ಹೆಸರಿತ್ತು. ಚೂರು ಭೂಮಿ ಕೊಟ್ಟು ಮೊಮ್ಮಗನ ಮೊಮ್ಮಗನ ತನಕ ದುಡಿಸಿಕೊಳ್ಳುವ ವ್ಯವಹಾರ ಅದು.

ಬಾಬಾಸಾಹೇಬ ಅಂಬೇಡ್ಕರರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಈ ಕಾಯಿದೆಯ ಮೇಲೆ ಕೈ ಹಾಕಿದರು. ತಿದ್ದುಪಡಿ ಮಸೂದೆ ಮಂಡಿಸಿದರು. ಅದು ಕಾನೂನಾಗಲಿಲ್ಲ. ಸ್ವಾತಂತ್ರ್ಯ ಬಂತು, ಏಕೀಕರಣ ಆಯಿತು, ಕೊನೆಗೆ 1961ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ಬಂತು. ಹುಟ್ಟಿನಿಂದ ಬರುವ ಗೌಡಕಿ, ಕುಲಕರ್ಣಿಕಿ ಕಾಗದದ ಮೇಲಂತೂ ಸತ್ತವು. ವತನದ ಭೂಮಿ ಮಾತ್ರ ಮೊದಲು ಯಾರ ಕೈಯಲ್ಲಿತ್ತೋ ಅವರಿಗೇ ದುಡ್ಡು ಕಟ್ಟಿಸಿಕೊಂಡು ಮರಳಿ ಮಂಜೂರಾಯಿತು. ಅದಿರಲಿ. ಹುದ್ದೆ ಹುಟ್ಟಿನಿಂದ ಬರಬಾರದು ಎನ್ನುವ ಒಂದು ಮಾತನ್ನಾದರೂ ಸರಕಾರ ಬಾಯಿಬಿಟ್ಟು ಹೇಳಿತಲ್ಲ, ಅಷ್ಟಕ್ಕೆ ನಮ್ಮ ಹಿರಿಯರು ಸಂತೋಷಪಟ್ಟರು.

ಊರ ಚಾವಡಿಯಲ್ಲಿ ಸತ್ತ ವತನ ಬೆಂಗಳೂರಿನ ವಿಧಾನಸೌಧದಲ್ಲಿ ಎದ್ದು ಕೂತದ್ದು ಯಾವಾಗ? ಈ ಪ್ರಶ್ನೆಯನ್ನು ನಾವು ಬಾಗಲಕೋಟೆ ಜಿಲ್ಲೆಯಲ್ಲಿ ನಿಂತು ಕೇಳುತ್ತಿದ್ದೇವೆ. ಉತ್ತರ ಹುಡುಕಲು ದೂರ ಹೋಗುವುದು ಬೇಡ. ಹುನಗುಂದ ಮತಕ್ಷೇತ್ರದ ಲೆಕ್ಕ ತೆಗೆದರೆ ಸಾಕು.

1999ರಲ್ಲಿ ಎಸ್.ಆರ್. ಕಾಶಪ್ಪನವರ ಹುನಗುಂದದಿಂದ ಕಾಂಗ್ರೆಸ್ ಶಾಸಕರಾದರು, ಎಸ್.ಎಂ. ಕೃಷ್ಣ ಸರಕಾರದಲ್ಲಿ ಮಂತ್ರಿಯಾದರು. 2003ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸಾವು ಸಾವೇ. ಆ ಮನೆಯ ದುಃಖದ ಬಗ್ಗೆ ಹಗುರವಾಗಿ ಮಾತಾಡುವುದು ನಮ್ಮ ಜಾಯಮಾನವಲ್ಲ. ಆದರೆ ದುಃಖ ಮನೆಯದು, ಕ್ಷೇತ್ರ ಊರವರದು. ಉಪಚುನಾವಣೆಯಲ್ಲಿ ಅವರ ಪತ್ನಿ ಗೌರಮ್ಮ ಕಾಶಪ್ಪನವರ ಶಾಸಕಿಯಾದರು. 2004ರಲ್ಲೂ 2008ರಲ್ಲೂ ಬಿಜೆಪಿಯ ದೊಡ್ಡನಗೌಡ ಪಾಟೀಲ ಗೆದ್ದರು. 2013ರಲ್ಲಿ ಮಗ ವಿಜಯಾನಂದ ಕಾಶಪ್ಪನವರ ಗೆದ್ದರು. 2018ರಲ್ಲಿ ಮತ್ತೆ ದೊಡ್ಡನಗೌಡ. 2023ರಲ್ಲಿ ಮತ್ತೆ ವಿಜಯಾನಂದ, ಅದೂ 30 ಸಾವಿರ ಮತಗಳ ಅಂತರದಲ್ಲಿ. ವಿಜಯಾನಂದರ ಪತ್ನಿ ವೀಣಾ ಕಾಶಪ್ಪನವರ ಜಿಲ್ಲಾ ಪಂಚಾಯ್ತಿ ಅಧ್ಯಕ್ಷೆಯಾಗಿದ್ದರು. 2019ರಲ್ಲಿ ಲೋಕಸಭೆಗೆ ನಿಂತು ಪಿ.ಸಿ. ಗದ್ದಿಗೌಡರ ಎದುರು 1 ಲಕ್ಷ 68 ಸಾವಿರ ಮತಗಳಿಂದ ಸೋತರು.

ಲೆಕ್ಕ ನೋಡಿದಿರಲ್ಲ? ಗಂಡ, ಹೆಂಡತಿ, ಮಗ, ಸೊಸೆ. ಒಂದು ಮನೆಯ ನಾಲ್ಕು ಜನ ತಾಲೂಕಿನಿಂದ ಲೋಕಸಭೆಯವರೆಗಿನ ಮೆಟ್ಟಿಲುಗಳನ್ನು ಹಂಚಿಕೊಂಡು ಹತ್ತಿದ್ದಾರೆ. ಹುನಗುಂದ, ಇಳಕಲ್ಲಿನಲ್ಲಿ 2004ರಿಂದ ಐದು ಸಾರ್ವತ್ರಿಕ ಚುನಾವಣೆ ನಡೆದವು. ಗೆದ್ದವರು ಇಬ್ಬರೇ ಇಬ್ಬರು. ಆ ಪಕ್ಷ ಬೇಡವೆನಿಸಿದಾಗ ಈ ಪಕ್ಷ, ಈ ಪಕ್ಷ ಸಾಕೆನಿಸಿದಾಗ ಆ ಪಕ್ಷ. ಮತದಾರ ಜಾಣನಿದ್ದಾನೆ, ಐದು ವರ್ಷಕ್ಕೊಮ್ಮೆ ಕಿವಿ ಹಿಂಡುತ್ತಾನೆ. ಆದರೆ ಅವನ ಕೈಗೆ ಸಿಗುವ ಕಿವಿಗಳು ಮಾತ್ರ ಯಾವಾಗಲೂ ಅವೇ.

ವಿಜಯಾನಂದ ಎಂಬ ಒಬ್ಬ ಮನುಷ್ಯನ ಮೇಲೆ ನಮಗೆ ಹಗೆ ಇಲ್ಲ. ಅವರು ಸೋತರೂ ಕ್ಷೇತ್ರ ಬಿಟ್ಟು ಓಡಲಿಲ್ಲ. ಐದು ವರ್ಷ ತಿರುಗಾಡಿ ಮರಳಿ ಗೆದ್ದರು. ಅಷ್ಟು ಮಾತನ್ನು ಅವರ ಎದುರಾಳಿಗಳೂ ಒಪ್ಪಬೇಕು. ನಮ್ಮ ತಕರಾರು ಇರುವುದು ಓಟದ ಮೇಲಲ್ಲ, ಓಟ ಶುರುವಾಗುವ ಗೆರೆಯ ಮೇಲೆ. ಇಳಕಲ್ಲಿನ ನೇಕಾರನ ಮಗನೂ ಅಪ್ಪನಿಂದ ಒಂದನ್ನು ಪಡೆದಿದ್ದಾನೆ: ಕುಣಿಮಗ್ಗ, ಅದರ ಜೊತೆಗೆ ಸಾಲ. ಸೀರೆಯ ಮೈಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವ ಆ ಕಲೆ ಕಲಿಯಲು ವರ್ಷಗಳು ಬೇಕು. ಕೆಂಪು ಕಲ್ಲಿನ ಕ್ವಾರಿಯಲ್ಲಿ ಧೂಳು ಕುಡಿದ ಕೂಲಿಯವನ ಮಗನಿಗೂ ಅಪ್ಪನಿಂದ ಏನೋ ಬಂದಿದೆ: ಅದೇ ಕ್ವಾರಿ, ಅದೇ ಧೂಳು. ಇಳಕಲ್ಲಿನ ಗ್ರಾನೈಟು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ, ಅದನ್ನು ಒಡೆದವನ ಮಗ ಇಳಕಲ್ಲಿನ ಬಸ್ ಸ್ಟ್ಯಾಂಡು ದಾಟುವುದಿಲ್ಲ. ಹಾಗಿರುವಾಗ ಎಮ್ಮೆಲ್ಲೆಯ ಮಗ ಅಪ್ಪನ ಹೆಸರು, ಅಪ್ಪನ ಕಾರ್ಯಕರ್ತರು, ಅಪ್ಪನ ಜಾತಿಯ ಮುಖಂಡರು, ಅಪ್ಪನ ದಿಲ್ಲಿ-ಬೆಂಗಳೂರಿನ ಪರಿಚಯ ಎಲ್ಲವನ್ನೂ ಕಟ್ಟಿಕೊಂಡು ಗೆರೆಯ ಮೇಲೆ ನಿಂತರೆ, ಉಳಿದವರು ಓಡುವುದು ಎಲ್ಲಿಂದ?

“ಡಾಕ್ಟರನ ಮಗ ಡಾಕ್ಟರ ಆಗೂದಿಲ್ಲೇನು?” ಅಂತ ನಮ್ಮನ್ನೇ ಕೇಳುವ ಮಂದಿ ಇದ್ದಾರೆ. ಆಗಲಿ. ಅವನು ಪರೀಕ್ಷೆ ಪಾಸು ಮಾಡಬೇಕು, ಪಾಸಾಗದಿದ್ದರೆ ಹೊರಗೆ. ಇನ್ನೊಂದು ಮಾತು: ಡಾಕ್ಟರ ತನ್ನ ದವಾಖಾನೆಯನ್ನು ಮಗನಿಗೆ ಕೊಡಬಹುದು. ಹುನಗುಂದ ತಾಲೂಕು ಯಾರ ದವಾಖಾನೆ?

2024ರ ಲೋಕಸಭಾ ಚುನಾವಣೆ ಬಂದಾಗ ಈ ವತನದ ಹೊಟ್ಟೆಯೊಳಗಿನ ಹೂರಣ ಇನ್ನೂ ಚೆನ್ನಾಗಿ ಹೊರಬಿತ್ತು. 2019ರಲ್ಲಿ ಸೋತಿದ್ದ ವೀಣಾ ಕಾಶಪ್ಪನವರ ಮತ್ತೆ ಟಿಕೆಟ್ ಕೇಳಿದರು. ಸೋತ ಮೇಲೂ ಜಿಲ್ಲೆ ಸುತ್ತಿದ್ದೇನೆ ಎನ್ನುವುದು ಅವರ ವಾದ. ಪಕ್ಷ ಟಿಕೆಟ್ ಕೊಟ್ಟಿದ್ದು ಯಾರಿಗೆ? ಪಕ್ಕದ ವಿಜಯಪುರ ಜಿಲ್ಲೆಯ ಸಂಯುಕ್ತಾ ಪಾಟೀಲರಿಗೆ. ಮಂತ್ರಿ ಶಿವಾನಂದ ಪಾಟೀಲರ ಮಗಳಿಗೆ. ವೀಣಾ ಅವರು ಬಹಿರಂಗವಾಗಿಯೇ ಅಸಮಾಧಾನ ಹೇಳಿಕೊಂಡರು. ಅವರ ನೋವನ್ನು ನಾವು ನಗೆಗೀಡು ಮಾಡುವುದಿಲ್ಲ. ಆದರೆ ಗೆಳೆಯರೆ, ನೋಡಿ: ಎಮ್ಮೆಲ್ಲೆಯ ಹೆಂಡತಿಯನ್ನು ಮಂತ್ರಿಯ ಮಗಳು ಬದಿಗೆ ಸರಿಸಿದಳು. ಸಣ್ಣ ವತನವನ್ನು ದೊಡ್ಡ ವತನ ನುಂಗಿತು. ಈ ಜಗಳದಲ್ಲಿ ಎರಡೂ ಕಡೆ ಸೊಸೆ, ಮಗಳು ಇದ್ದರೇ ಹೊರತು, ಮೂವತ್ತು ವರ್ಷ ಆ ಪಕ್ಷದ ಬಾವುಟ ಹೊತ್ತ ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಹೆಸರಾಗಲಿ, ಒಬ್ಬ ಕೂಲಿಕಾರ ಹೆಣ್ಣುಮಗಳ ಹೆಸರಾಗಲಿ ಚರ್ಚೆಗೂ ಬರಲಿಲ್ಲ. ಹೆಣ್ಣಿಗೆ ಟಿಕೆಟ್ ಕೊಟ್ಟೆವು ಎಂದು ಪುಢಾರಿಗಳು ಎದೆ ತಟ್ಟಿಕೊಳ್ಳುತ್ತಾರೆ. ಯಾವ ಹೆಣ್ಣಿಗೆ? ಯಾರ ಹೆಂಡತಿಯೂ ಯಾರ ಮಗಳೂ ಅಲ್ಲದ ಹೆಣ್ಣಿಗೆ ಯಾವಾಗ?

ಫಲಿತಾಂಶ ಬಂತು. ಗದ್ದಿಗೌಡರ 68 ಸಾವಿರ ಮತಗಳಿಂದ ಗೆದ್ದರು. 2004ರಿಂದ ಸತತ ಐದನೇ ಸಲ. ಆ ಸಲ ರಾಜ್ಯದ ತುಂಬ ಕಾಂಗ್ರೆಸ್ ಮಂತ್ರಿಗಳ ಮಕ್ಕಳದೇ ಜಾತ್ರೆ ನಡೆದಿತ್ತು. ಚಿಕ್ಕೋಡಿಯಲ್ಲಿ ಸತೀಶ ಜಾರಕಿಹೊಳಿಯವರ ಮಗಳು, ಬೆಳಗಾವಿಯಲ್ಲಿ ಲಕ್ಷ್ಮೀ ಹೆಬ್ಬಾಳಕರ ಮಗ, ಬೀದರಿನಲ್ಲಿ ಈಶ್ವರ ಖಂಡ್ರೆಯವರ ಮಗ. ಕೆಲವರು ಗೆದ್ದರು, ಕೆಲವರು ಬಿದ್ದರು.

ಬಿಜೆಪಿಯವರು ಇದನ್ನು ಓದಿ ಚಪ್ಪಾಳೆ ತಟ್ಟುವುದು ಬೇಡ. ವಂಶವಾದದ ವಿರುದ್ಧ ಭಾಷಣ ಬಿಗಿಯುವ ಆ ಪಕ್ಷದ ರಾಜ್ಯಾಧ್ಯಕ್ಷಗಿರಿ 2023ರ ನವೆಂಬರಿನಲ್ಲಿ ಯಾರಿಗೆ ಹೋಯಿತು? ಯಡಿಯೂರಪ್ಪನವರ ಮಗ ವಿಜಯೇಂದ್ರರಿಗೆ. ಇನ್ನೊಬ್ಬ ಮಗ ಆಗಲೇ ಶಿವಮೊಗ್ಗದ ಎಂಪಿ. ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದರು. ಅವರು ಲೋಕಸಭೆಗೆ ಹೋದಾಗ ತೆರವಾದ ಶಿಗ್ಗಾವಿಗೆ ಅವರ ಮಗ ಭರತ್ ಅವರನ್ನೇ ನಿಲ್ಲಿಸಿದರು. 2024ರ ನವೆಂಬರಿನಲ್ಲಿ ಶಿಗ್ಗಾವಿಯ ಜನ ಆ ಮೂರನೇ ತಲೆಮಾರನ್ನು ಮನೆಗೆ ಕಳಿಸಿದರು. ಅದೇ ದಿನ ಚನ್ನಪಟ್ಟಣದಲ್ಲಿ ದೇವೇಗೌಡರ ಮೊಮ್ಮಗ ನಿಖಿಲ್ ಮೂರನೇ ಕ್ಷೇತ್ರದಲ್ಲಿ ಮೂರನೇ ಸಲ ಸೋತರು. ಜನ ಸುಮ್ಮನೆ ಕೂತಿಲ್ಲ ಎನ್ನುವುದಕ್ಕೆ ಇದನ್ನು ಹೇಳುತ್ತಿದ್ದೇವೆ.

ಈಗ ಬಾದಾಮಿಗೆ ಬನ್ನಿ. ಇಲ್ಲಿಯ ಕಥೆ ಹೊಲದ ಅದಲುಬದಲಿನಂತೆ ಇದೆ. 2013ರಲ್ಲಿ ಬಿ.ಬಿ. ಚಿಮ್ಮನಕಟ್ಟಿಯವರು ಬಾದಾಮಿಯ ಶಾಸಕರು. 2018ರಲ್ಲಿ ಅವರು ಸರಿದು, ಸಿದ್ದರಾಮಯ್ಯ ಬಂದು ನಿಂತು ಶ್ರೀರಾಮುಲು ವಿರುದ್ಧ 1,696 ಮತಗಳಿಂದ ಗೆದ್ದರು. ಅದೇ ವರ್ಷ ಸಿದ್ದರಾಮಯ್ಯನವರ ವರುಣಾ ಕ್ಷೇತ್ರ ಮಗ ಯತೀಂದ್ರರಿಗೆ. 2023ರಲ್ಲಿ ಮಗ ವರುಣಾವನ್ನು ಅಪ್ಪನಿಗೆ ಬಿಟ್ಟುಕೊಟ್ಟರು, ಅಪ್ಪ ಬಾದಾಮಿ ಬಿಟ್ಟರು, ಬಾದಾಮಿಯ ಟಿಕೆಟ್ ಚಿಮ್ಮನಕಟ್ಟಿಯವರ ಮಗ ಭೀಮಸೇನರಿಗೆ ಬಂತು, ಅವರು ಗೆದ್ದರು. ಮುಂದೆ 2024ರಲ್ಲಿ ಯತೀಂದ್ರರಿಗೆ ವಿಧಾನ ಪರಿಷತ್ತು. ಬದುವಿನ ಕಲ್ಲು ಒಂದೂ ಅಲುಗದಂತೆ ಖಾತೆ ಬದಲಾವಣೆ! ಶೂದ್ರ ನಾಯಕ, ಅಹಿಂದದ ದನಿ ಎಂದು ನಾವೇ ಮೆರೆಸಿದ ಸಿದ್ದರಾಮಯ್ಯನವರ ವಿಷಯದಲ್ಲಿ ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಆದರೂ ಬರೆಯುತ್ತೇವೆ. ಮೇಲ್ಜಾತಿಯ ವತನ ತಪ್ಪು, ನಮ್ಮವರ ವತನ ಒಪ್ಪು ಎನ್ನಲು ನಾವೇನು ಲಾವಣಿ ಹಾಡಲು ಕೂತಿಲ್ಲ.

ಬಾಗಲಕೋಟೆಗೆ ಈ ಬಿಟ್ಟುಕೊಡುವ ಆಟ ಹೊಸದೂ ಅಲ್ಲ. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ಬಿ.ಟಿ. ಮುರನಾಳರು ಬಾಗಲಕೋಟೆಯ ಸ್ಥಾನವನ್ನು ಅವರಿಗೆ ತೆರವು ಮಾಡಿಕೊಟ್ಟರು. ನಾಯಕರು ನಾಯಕರಿಗೆ ಕೊಟ್ಟರು. ಓಟು ಹಾಕಿದವರನ್ನು ಯಾರಾದರೂ ಕೇಳಿದರೆ?

ಜಮಖಂಡಿಯ ಸಿದ್ದು ನ್ಯಾಮಗೌಡರ ವಿಷಯ ನಮ್ಮನ್ನು ಬೇರೆ ರೀತಿಯಲ್ಲಿ ಕಾಡುತ್ತದೆ. ಅವರು ಅಪ್ಪನ ಹೆಸರಿನಿಂದ ಬಂದವರಲ್ಲ. ಸರಕಾರ ಕಟ್ಟಿಕೊಡದ ಬ್ಯಾರೇಜನ್ನು ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಹಾಕಿ, ಮೈ ಮುರಿದು 1989ರಲ್ಲಿ ಕೃಷ್ಣೆಗೆ ಅಡ್ಡ ಕಟ್ಟಿದರಲ್ಲ, ಆ ಕೆಲಸದ ಮುಂದಾಳು ಅವರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರು. 1991ರಲ್ಲಿ ಅದೇ ಬ್ಯಾರೇಜ್ ಸಿದ್ದು, ರಾಮಕೃಷ್ಣ ಹೆಗಡೆಯಂಥ ಹೆಗಡೆಯವರನ್ನು ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಸೋಲಿಸಿದರು. ಬೆವರಿನಿಂದ ನಾಯಕ ಹುಟ್ಟಬಹುದು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? 2018ರ ಮೇ ತಿಂಗಳಲ್ಲಿ, ಶಾಸಕರಾಗಿ ಗೆದ್ದು ಎರಡು ವಾರ ಕಳೆಯುವುದರೊಳಗೆ, ಅವರೂ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಬ್ಯಾರೇಜಿಗೆ ಮಣ್ಣು ಹೊತ್ತ ಸಾವಿರಾರು ಜನರಲ್ಲಿ ಪಕ್ಷದ ಕಣ್ಣಿಗೆ ಒಬ್ಬನೂ ಬೀಳಲಿಲ್ಲ. ಟಿಕೆಟ್ ಮಗ ಆನಂದರಿಗೆ ಹೋಯಿತು. ಗೆದ್ದರು. 2023ರಲ್ಲಿ ಸೋತರು. ಬೆವರಿನಿಂದ ಬಂದದ್ದು ರಕ್ತದಿಂದ ಇಳಿಯುವ ವತನವಾಗಲು ಒಂದು ಉಪಚುನಾವಣೆ ಸಾಕಾಯಿತು.

ಕಾಶಪ್ಪನವರ ವಿಷಯಕ್ಕೆ ಮರಳೋಣ, ಯಾಕಂದ್ರ ಅಲ್ಲಿ ಕೂಡಲಸಂಗಮ ಇದೆ. ಹುಟ್ಟಿನ ಮೇಲುಕೀಳನ್ನು ಒಪ್ಪದ ಬಸವಣ್ಣ ಐಕ್ಯನಾದ ನೆಲ ಅದೇ ಹುನಗುಂದ ತಾಲೂಕಿನದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಕಲ್ಯಾಣ ರಕ್ತದಲ್ಲಿ ಮುಳುಗಿತು. ಆ ಕೂಡಲಸಂಗಮದಲ್ಲಿ ಇವತ್ತು ಪಂಚಮಸಾಲಿ ಪೀಠ ಇದೆ, ಪೀಠಕ್ಕೆ ಟ್ರಸ್ಟು ಇದೆ, ಟ್ರಸ್ಟಿನ ಮುಂಚೂಣಿಯಲ್ಲಿ ವಿಜಯಾನಂದ ಕಾಶಪ್ಪನವರ ಇದ್ದಾರೆ. 2021ರ ಜನವರಿಯಲ್ಲಿ ಪಂಚಮಸಾಲಿಗಳಿಗೆ 2ಎ ಮೀಸಲಾತಿ ಬೇಕೆಂದು ಬಸವಜಯಮೃತ್ಯುಂಜಯ ಸ್ವಾಮೀಜಿ ಇಲ್ಲಿಂದಲೇ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಕಾಶಪ್ಪನವರೂ ಆ ಹೋರಾಟದ ಮುಖಗಳಲ್ಲಿ ಒಬ್ಬರು. 2025ರಲ್ಲಿ ಅದೇ ಟ್ರಸ್ಟು ಅದೇ ಸ್ವಾಮೀಜಿಯನ್ನು ಪೀಠದಿಂದ ಉಚ್ಚಾಟಿಸಿದ್ದೇವೆ ಎಂದು ಘೋಷಿಸಿತು. ಒಳಜಗಳದಲ್ಲಿ ಯಾರು ಸರಿ ಎಂದು ಪಂಚಾಯ್ತಿ ಮಾಡುವುದು ನಮ್ಮ ಕೆಲಸವಲ್ಲ. ನಮ್ಮ ಪ್ರಶ್ನೆ ಬೇರೆ.

ಪಂಚಮಸಾಲಿಗಳಲ್ಲಿ ಬಡವರಿಲ್ಲವೇ? ಇದ್ದಾರೆ. ಮಳೆ ನಂಬಿ ಎರಡು ಎಕರೆ ಎರೆಹೊಲ ಬಿತ್ತುವ ಒಕ್ಕಲಿಗನ ಹೊಟ್ಟೆಯ ಹಸಿವಿಗೆ ಜಾತಿ ಹಚ್ಚಿ ನಾವು ಲೇವಡಿ ಮಾಡುವುದಿಲ್ಲ. ಆದರೆ ಆ ಬಡವನ ಹೆಜ್ಜೆಗಳು ಬೆಂಗಳೂರು ಮುಟ್ಟಿದಾಗ ಲಾಭ ಯಾರ ಖಾತೆಗೆ ಜಮಾ ಆಯಿತು? 2023ರ ಮಾರ್ಚಿನಲ್ಲಿ ಬೊಮ್ಮಾಯಿ ಸರಕಾರ ಮುಸ್ಲಿಮರ ಶೇಕಡಾ 4ರ 2ಬಿ ಮೀಸಲಾತಿಯನ್ನು ಕಿತ್ತು ಲಿಂಗಾಯತರಿಗೆ 2, ಒಕ್ಕಲಿಗರಿಗೆ 2 ಎಂದು ಹಂಚಿತು. ಸುಪ್ರೀಂ ಕೋರ್ಟಿನ ಮುಂದೆ ಅದನ್ನು ಜಾರಿಗೆ ತರುವುದಿಲ್ಲ ಎಂದು ಹೇಳಬೇಕಾಯಿತು. ಬಡ ಲಿಂಗಾಯತನಿಗೆ ಏನೂ ಸಿಗಲಿಲ್ಲ, ಬಡ ಮುಸಲ್ಮಾನನಿಗೆ ಎದೆ ಒಡೆಯಿತು, ಚುನಾವಣೆ ಬಂತು, ಎರಡೂ ಪಕ್ಷದ ಮುಖಂಡರು ಅದೇ ಜಾತಿಯ ಹೆಸರಿನಲ್ಲಿ ಮತ ಕೇಳಿದರು. ಜಾತಿಯ ಮಠ, ಜಾತಿಯ ಸಭೆ, ಜಾತಿಯ ಪಾದಯಾತ್ರೆ ಇವೆಲ್ಲ ಇಂದಿನ ವತನದ ಸಾಗುವಳಿ. ಬಿತ್ತುವವರು ಬಡವರು, ರಾಶಿ ಹೋಗುವುದು ವಾಡೆಗೆ.

ಅಪ್ಪನ ಹೆಸರಿನ ಮಾತು ಬಂದಿರುವುದರಿಂದ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ನಮ್ಮ ಜಿಲ್ಲೆಯ ಶಾಲೆಗಳ ಮಾಸ್ತರರಿಗೆ ಇದು ಗೊತ್ತಿರುವ ಸಂಗತಿ. ದಾಖಲಾತಿ ಅರ್ಜಿಯಲ್ಲಿ ಅಪ್ಪನ ಹೆಸರು ಎಂಬ ಜಾಗ ಬಂದಾಗ ಪೆನ್ನು ನಿಂತುಬಿಡುವ ಮಕ್ಕಳಿದ್ದಾರೆ. ದೇವದಾಸಿ ಮಾಡಿಬಿಟ್ಟ ನಮ್ಮ ಅಕ್ಕತಂಗಿಯರ ಮಕ್ಕಳು. 1982ರಲ್ಲಿ ಕಾಯಿದೆ ಬಂತು. ಆಮೇಲೆ ನಡೆದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಸಿಕ್ಕ ದೇವದಾಸಿ ತಾಯಂದಿರು 46,660. ಅವರ ಮಕ್ಕಳಿಗೆ ಅಪ್ಪನ ಹೆಸರು ಕಡ್ಡಾಯವಲ್ಲ ಎನ್ನುವ ಮಸೂದೆ ವಿಧಾನಮಂಡಲಕ್ಕೆ ಬರಲು 2025ರ ತನಕ ಕಾಯಬೇಕಾಯಿತು. ಒಂದೇ ಜಿಲ್ಲೆ, ಒಂದೇ ವಯಸ್ಸಿನ ಇಬ್ಬರು ಹುಡುಗರು. ಒಬ್ಬನಿಗೆ ಅಪ್ಪನ ಹೆಸರಿಲ್ಲದ್ದಕ್ಕೆ ಶಾಲೆಯ ಬಾಗಿಲಲ್ಲೇ ಅವಮಾನ. ಇನ್ನೊಬ್ಬನಿಗೆ ಅಪ್ಪನ ಹೆಸರೊಂದೇ ಸಾಕು, ವಿಧಾನಸೌಧದ ಬಾಗಿಲು ತೆರೆದಿರುತ್ತದೆ.

ನಮ್ಮ ಕೇರಿಯೊಳಗೂ ಕನ್ನಡಿ ಹಿಡಿಯೋಣ. ಬಾಗಲಕೋಟೆ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಪರಿಶಿಷ್ಟರಿಗೆ ಮೀಸಲಾದದ್ದು ಮುಧೋಳ ಒಂದೇ. ಉಳಿದ ಆರರಲ್ಲಿ ಯಾವ ಪಕ್ಷವಾದರೂ ದಲಿತನಿಗೆ ಟಿಕೆಟ್ ಕೊಟ್ಟೀತೇ ಎಂದು ಕೇಳಿದರೆ ನಗುತ್ತಾರೆ. ಇರುವ ಮೀಸಲು ಸ್ಥಾನಗಳೂ ರಾಜ್ಯದ ಅಲ್ಲಲ್ಲಿ ಮನೆತನದ ಆಸ್ತಿಯಾಗುತ್ತಿವೆ. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ಮಗ ಮಂತ್ರಿ, 2024ರಲ್ಲಿ ಅಳಿಯ ಎಂಪಿ. ಚಾಮರಾಜನಗರದಲ್ಲಿ ಮಹದೇವಪ್ಪನವರ ಮಗ ಎಂಪಿ. ಸಂಡೂರಿನಲ್ಲಿ ಗಂಡ ಲೋಕಸಭೆಗೆ ಹೋದರೆ ಹೆಂಡತಿ ವಿಧಾನಸಭೆಗೆ. ಖರ್ಗೆಯವರು ಗಿರಣಿ ಕಾರ್ಮಿಕರ ನಡುವಿನಿಂದ ಎದ್ದು ಬಂದವರು. ಅವರ ದಾರಿ ನಮಗೆ ಹೆಮ್ಮೆ. ಆದರೆ ಬಾಬಾಸಾಹೇಬರು ಮೀಸಲಾತಿ ಕೇಳಿದ್ದು ಒಂದು ಜನಾಂಗಕ್ಕೆ, ಒಂದು ಮನೆಗಲ್ಲ. ಮೇಲ್ಜಾತಿಯವರು ಈ ಮಾತನ್ನು ನಮ್ಮ ಮೀಸಲಾತಿಯನ್ನೇ ಕೀಳಲು ಬಳಸುತ್ತಾರೆ ಎಂಬ ಭಯ ಕೆಲವು ಗೆಳೆಯರಿಗಿದೆ. ಬಳಸಲಿ ನೋಡೋಣ. ಮೊದಲು ಅವರ ನೂರಾ ಎಪ್ಪತ್ತಕ್ಕೂ ಮಿಕ್ಕ ಮೀಸಲಿಲ್ಲದ ಕ್ಷೇತ್ರಗಳ ಲೆಕ್ಕ ಕೊಡಲಿ.

ಈ ವತನ ಉಳಿದಿರುವುದು ಜನರ ದಡ್ಡತನದಿಂದಲ್ಲ. ಕೆಳಗಿನಿಂದ ಹತ್ತುವ ಏಣಿಗಳನ್ನು ಒಂದೊಂದಾಗಿ ತೆಗೆದಿಟ್ಟಿದ್ದಾರೆ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ಮೀರಿತು. ಜಿಲ್ಲಾ ಮತ್ತು ತಾಲೂಕು ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ಬಿಜೆಪಿ ಇರಲಿ ಕಾಂಗ್ರೆಸ್ ಇರಲಿ, ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಳನ್ನೇ ತಳ್ಳಿದರು. ಕೇರಿಯ ಹುಡುಗಿಯೊಬ್ಬಳು ತಾಲೂಕು ಪಂಚಾಯ್ತಿಯಲ್ಲಿ ಐದು ವರ್ಷ ಕೂತು ಮಾತು ಕಲಿತು, ಕಾನೂನು ಕಲಿತು, ನಾಳೆ ಎಮ್ಮೆಲ್ಲೆ ಟಿಕೆಟ್ ಕೇಳಬಹುದಾದ ದಾರಿ ಅದೊಂದೇ ಇತ್ತು. ಅದನ್ನು ಮುಚ್ಚಿದರೆ ನಷ್ಟ ಎಮ್ಮೆಲ್ಲೆಯ ಮಗನಿಗಲ್ಲ. ಅವನು ನೇರ ಮಹಡಿಯ ಮೇಲೇ ಹುಟ್ಟಿದವನು.

ದುಡ್ಡಿನ ಲೆಕ್ಕವನ್ನೂ ಮಾಡಿ. ವಿಧಾನಸಭೆಗೆ ನಿಲ್ಲುವವನು 40 ಲಕ್ಷ ರೂಪಾಯಿ ಖರ್ಚು ಮಾಡಬಹುದು ಎಂದು ಚುನಾವಣಾ ಆಯೋಗವೇ ಮಿತಿ ಹಾಕಿದೆ. ಕಾನೂನು ಒಪ್ಪಿದ ಲೆಕ್ಕ ಇದು, ಕಂತೆಯ ಲೆಕ್ಕ ಬೇರೆ. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ, ವರ್ಷಕ್ಕೆ 100 ದಿನ. ಬಾದಾಮಿಯ ಕೂಲಿಕಾರಳೊಬ್ಬಳು ಒಂದು ಪೈಸೆ ಖರ್ಚು ಮಾಡದೆ ಕೂಡಿಟ್ಟರೆ ಆ 40 ಲಕ್ಷ ಮುಟ್ಟಲು 108 ವರ್ಷ ಬೇಕು.

ಇದರಿಂದ ನಮಗೇನಾಗುತ್ತದೆ ಎಂದು ಕೇಳುವವರು ಆಲಮಟ್ಟಿಯ ಕಡೆ ನೋಡಿ. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿ ಅಡಿಗಲ್ಲು ಹಾಕಿದ ಅಣೆಕಟ್ಟೆ ಬಾಗಲಕೋಟೆಯ ಅರ್ಧ ಊರನ್ನು ನುಂಗಿತು. ಈಗ ಎತ್ತರವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಸಿದ್ಧತೆ. 2025ರ ಸೆಪ್ಟೆಂಬರಿನಲ್ಲಿ ಸರಕಾರ ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಬೆಲೆ ಕಟ್ಟಿತು. ಭೂಮಿ ಕಳೆದುಕೊಳ್ಳುವ ರೈತನಿಗೆ ಅದು ಸಿಗಲೇಬೇಕು, ಬೇಗ ಸಿಗಬೇಕು. ಆದರೆ ಆ ಎಕರೆಯಲ್ಲಿ ಮೂರು ತಲೆಮಾರು ಕಳೆ ಕಿತ್ತ, ಕಬ್ಬು ಕಡಿದ ಕೂಲಿಯವನ ಬೆಲೆ ಎಷ್ಟು? ಅವನ ಹೆಸರಿನಲ್ಲಿ ಎಕರೆ ಇಲ್ಲ, ಗುಂಟೆ ಇಲ್ಲ. ನೀರು ಬಂದಾಗ ಅವನ ಕೂಲಿಯೂ ಮುಳುಗುತ್ತದೆ. ಸದನದಲ್ಲಿ ಎಕರೆಯ ಮಾತು ಆಡುವವರು ತುಂಬ ಇದ್ದಾರೆ, ಯಾಕಂದ್ರ ಎಕರೆ ಇರುವ ಮನೆಗಳಿಂದಲೇ ಅಲ್ಲಿಗೆ ಹೋಗಿದ್ದಾರೆ. ಕೂಲಿಯ ಮಾತು ಎತ್ತಲು ಕೂಲಿಯ ಮನೆಯಿಂದ ಯಾರೂ ಹೋಗಿಲ್ಲ.

ಗೌಡ ಅಪ್ಪಣೆಯನ್ನು ಪಡೆದ, ಹೊಲೆಯ ಓಡುವುದನ್ನು ಪಡೆದ ಎಂದೆವಲ್ಲ, ಅದು ಇವತ್ತೂ ನಡೆದಿದೆ. ಧಣಿಯ ಮಗನ ಹುಟ್ಟುಹಬ್ಬಕ್ಕೆ ಬ್ಯಾನರು ಕಟ್ಟುವವರು ಯಾರು? ಬೈಕಿಗೆ ಪೆಟ್ರೋಲು ಹಾಕಿಸಿಕೊಂಡು ಜೈಕಾರ ಹಾಕುವವರು ಯಾರು? ನಮ್ಮ ಕೇರಿಯ, ಪಿಯುಸಿ ಮುಗಿಸಿ ಕೆಲಸವಿಲ್ಲದೆ ಕೂತ ಹುಡುಗರು. ಅವರ ಅಪ್ಪಂದಿರು ಈ ಧಣಿಯ ಅಪ್ಪನಿಗೆ ಜೈಕಾರ ಹಾಕಿದ್ದರು. ಡಂಗುರ ಸಾರುವ ವತನ ರದ್ದಾಗಿದೆ ಎಂದು ಇವರಿಗೆ ಯಾರು ಹೇಳಬೇಕು? ಮಾಸ್ತರರೆ, ನೀವು ಹೇಳಬೇಕು. ಸಮಾಜ ಪಾಠದ ಪುಸ್ತಕದಲ್ಲಿ ಪ್ರಜಾಪ್ರಭುತ್ವ ಅಂದರೆ ಜನರಿಂದ, ಜನರಿಗಾಗಿ ಎಂದು ಬಾಯಿಪಾಠ ಮಾಡಿಸುವಾಗ, ಹಲಗೆಯ ಮೇಲೆ ನಿಮ್ಮ ತಾಲೂಕಿನ ಲೆಕ್ಕವನ್ನೂ ಬರೆಯಿರಿ.

ನಾವು ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೇವೆ. ಇಳಕಲ್ಲು, ಹುನಗುಂದ, ಬಾದಾಮಿ, ಬಾಗಲಕೋಟೆಯ ಓದುಗ ಗೆಳೆಯರು, ವಿದ್ಯಾರ್ಥಿಗಳು ಒಂದು ಹಾಳೆಯ ಮೇಲೆ ಗೆರೆ ಎಳೆದು ಪಟ್ಟಿ ಮಾಡಿ: ಎಮ್ಮೆಲ್ಲೆ, ಎಂಪಿ, ಡಿಸಿಸಿ ಬ್ಯಾಂಕು, ಸಕ್ಕರೆ ಕಾರ್ಖಾನೆ, ಎಪಿಎಂಸಿ, ಶಿಕ್ಷಣ ಸಂಸ್ಥೆ, ಮಠದ ಟ್ರಸ್ಟು. ಎದುರಿಗೆ ಹಿಂದಿದ್ದವರ ಹೆಸರು, ಈಗಿರುವವರ ಹೆಸರು, ಇಬ್ಬರ ಸಂಬಂಧ. ಕೇಳಿದ್ದು ಬೇಡ, ದಾಖಲೆಯಲ್ಲಿ ಇರುವುದನ್ನಷ್ಟೇ ಬರೆಯಿರಿ. ಬೈಗುಳ ಬೇಡ, ವರ್ಷ ಇರಲಿ. ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ತಾಲೂಕುವಾರು ಅಚ್ಚು ಹಾಕುತ್ತೇವೆ. ಕೊನೆಯ ಸಾಲಿನಲ್ಲಿ, ಆ ಊರಿನಲ್ಲಿ ಯಾರ ಮಗನೂ ಯಾರ ಸೊಸೆಯೂ ಅಲ್ಲದೆ ಜನರ ಕೆಲಸ ಮಾಡುತ್ತಿರುವ ಒಬ್ಬರ ಬಗ್ಗೆ, ಅವರು ಒಪ್ಪಿದರೆ ಮಾತ್ರ, ನಾಲ್ಕು ಮಾತು ಬರೆದಿರಲಿ.